ಮೂರು ನಿಮಿಷಗಳ ತಟ್ಟೆ

ಅಮೆರಿಕದ ಜಾಝ್ ಸಂಗೀತದ ಹಳೆಯ ಮುದ್ರಿಕೆಗಳನ್ನು ಕೇಳುವವರಲ್ಲಿ ಅನೇಕರು ಅವುಗಳ ಕರಕರ ಸದ್ದನ್ನು ಕ್ಷಮಿಸಿ, ಹ್ರಸ್ವತೆಯನ್ನು ಸಹಿಸಿ, ಆಚೆಗೆಲ್ಲೋ ಇದ್ದಿರಬಹುದಾದ ಪೂರ್ಣಸಂಗೀತವನ್ನು ಊಹಿಸಿಕೊಳ್ಳಲು ಯತ್ನಿಸುತ್ತಾರೆ. ಆದರೆ ಹತ್ತಂಗುಲದ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗಿ, ಸುಮಾರು ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದ ಆ ಕಾಲದಲ್ಲಿ, ಆ ಪರಿಮಿತಿಯೇ ಜಾಝ್ ವಾದ್ಯಗಾರರಿಗೆ ಗುರುವಾಗಿ ನಿಂತಿತೆಂದು ನನ್ನ ಭಾವನೆ.

1923ರ ಏಪ್ರಿಲಿನಲ್ಲಿ ಕಿಂಗ್ ಆಲಿವರನ ಕ್ರಿಯೋಲ್ ಜಾಝ್ ಬ್ಯಾಂಡು ಶಿಕಾಗೋದಿಂದ ಇಂಡಿಯಾನಾ ಪ್ರಾಂತದ ರಿಚ್‌ಮಂಡ್ ಎಂಬ ಊರಿಗೆ ಹೋಗಿ, ಸ್ಟಾರ್ ಪಿಯಾನೋ ಕಂಪನಿಯ ಆವರಣದಲ್ಲಿದ್ದ ಜೆನೆಟ್ ಮುದ್ರಣಶಾಲೆಯಲ್ಲಿ ನುಡಿಸಿತು. ಮಗ್ಗುಲಲ್ಲೇ ರೈಲುಹಳಿ, ಗಾಡಿ ಬಂದಿತೆಂದರೆ ಕೆಲಸ ನಿಲ್ಲಬೇಕು. ಮೈಕ್ ಇನ್ನೂ ಬಂದಿರಲಿಲ್ಲವಾಗಿ, ದೊಡ್ಡದೊಂದು ಕಹಳೆಯ ಬಾಯಿ ನಾದವನ್ನೆಲ್ಲ ಹೀರಿ ಸೂಜಿಗೆ ಒಯ್ಯುತ್ತಿದ್ದಿತು. ಸೂಜಿ ಅದನ್ನು ಮೇಣದಲ್ಲಿ ಕೊರೆಯುತ್ತಿದ್ದಿತು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಸೂಜಿಯೇ ನೆಗೆದುಬಿಟ್ಟೀತೆಂಬ ಭಯದಿಂದ ಬೇಬಿ ಡಾಡ್ಸ್ ಮರದ ತುಂಡುಗಳ ಮೇಲೆ ತಾಳ ಹಿಡಿದನು. ತರುಣ ಲೂಯಿ ಆರ್ಮ್‌ಸ್ಟ್ರಾಂಗನ ಕಾರ್ನೆಟ್ಟು ಗುರುವಾದ ಆಲಿವರನದನ್ನು ಮುಳುಗಿಸುತ್ತಿದ್ದುದರಿಂದ ಅವನನ್ನು ಕೋಣೆಯಲ್ಲಿ ಬಹುದೂರ ಹಿಂದಕ್ಕೆ ನಿಲ್ಲಿಸಿದರೆಂದು, ಅಂದು ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ನೆನೆದಿದ್ದಾಳೆ. ಆದರೂ ‘ಚೈಮ್ಸ್ ಬ್ಲೂಸ್’ನಲ್ಲಿ ಅವನೊಬ್ಬನೇ ನುಡಿಸುವ ಸರದಿ ಬಂದಾಗ, ಆ ಮಸುಕಿನ ನಡುವೆಯೂ ಸ್ವರಗಳ ಅಂಚು ಎಷ್ಟು ಖಚಿತ! ಮುದ್ರಿಕೆಯಲ್ಲಿ ಉಳಿದ ಅವನ ಏಕವಾದನಗಳಲ್ಲಿ ಅದೇ ಮೊದಲನೆಯದು.

1925ರಲ್ಲಿ ವಿದ್ಯುತ್ ಮುದ್ರಣ ಬಂದು ಕಹಳೆ ಹೋಯಿತು. ಕಾಲದ ಕಟ್ಟು ಮಾತ್ರ ಹಾಗೆಯೇ ಉಳಿಯಿತು. ಆ ಕಟ್ಟಿನೊಳಗೆ ಜಾಝ್ ರಚನಕಾರ ಡ್ಯೂಕ್ ಎಲಿಂಗ್ಟನ್ 1930ರಲ್ಲಿ ರಚಿಸಿದ ‘ಮೂಡ್ ಇಂಡಿಗೋ’ ಮೈಕಿನ ಪ್ರಸಾರಕ್ಕೆಂದೇ ತಾನು ಬರೆದ ಮೊದಲ ಕೃತಿಯೆಂದು ಅವನೇ ಹೇಳಿಕೊಂಡಿದ್ದನು. ಸಾಮಾನ್ಯವಾಗಿ ಮೇಲೆ ಹಾರಾಡುವ ಕ್ಲಾರಿನೆಟ್ಟನ್ನು ಇಲ್ಲಿ ಅದರ ಮಂದ್ರಕ್ಕಿಳಿಸಿ, ಬಾಯಿಗೆ ಮುಚ್ಚಳವಿಟ್ಟ ಟ್ರೊಂಬೋನನ್ನು ಅದರ ತಾರಕ್ಕೇರಿಸಿ, ಹಾಗೆಯೇ ಮುಚ್ಚಿದ ಟ್ರಂಪೆಟ್ಟನ್ನು ಎಲ್ಲಕ್ಕೂ ಮೇಲಿರಿಸಿ, ಮೂರನ್ನೂ ಮೆಲ್ಲಗೆ ಒಟ್ಟಿಗೆ ನುಡಿಸಿದಾಗ, ಯಾವುದು ಯಾವ ವಾದ್ಯವೆಂದು ಕಿವಿಗೆ ತಟ್ಟನೆ ತಿಳಿಯದು.

1935ರಲ್ಲಿ ತಾಯಿಯನ್ನು ಕಳೆದುಕೊಂಡ ಎಲಿಂಗ್ಟನನ ದುಃಖ ಮೂರು ನಿಮಿಷಗಳಿಗೆ ಒಗ್ಗಲಿಲ್ಲ. ‘ರೆಮಿನಿಸಿಂಗ್ ಇನ್ ಟೆಂಪೋ’ ಎರಡು ತಟ್ಟೆಗಳ ನಾಲ್ಕು ಮಗ್ಗುಲುಗಳನ್ನೂ ತುಂಬಿತು. ಕೇಳುವವನು ಪ್ರತಿಸಲವೂ ಎದ್ದು ತಟ್ಟೆ ತಿರುಗಿಸಿ ಶೋಕವನ್ನು ಮುಂದುವರಿಸಬೇಕಾಗಿದ್ದಿತು.

1948ರಲ್ಲಿ ಕೊಲಂಬಿಯಾ ಕಂಪನಿಯ, ಬಹುಹೊತ್ತು ನುಡಿಯುವ ಎಲ್.ಪಿ. ತಟ್ಟೆಯೊಡನೆ ಈ ಬಂಧನ ಕಳಚಿತು. 1950ರ ಡಿಸೆಂಬರಿನಲ್ಲಿ ಎಲಿಂಗ್ಟನ್ ಅದೇ ‘ಮೂಡ್ ಇಂಡಿಗೋ’ವನ್ನು 15 ನಿಮಿಷಗಳಿಗೂ ಮಿಕ್ಕಿ ವಿಸ್ತರಿಸಿ ಮುದ್ರಿಸಿದನು. ಆ ವಿಸ್ತಾರದಲ್ಲಿ ವೈಭವವುಂಟು, ವೈವಿಧ್ಯವುಂಟು; ಅದನ್ನು ನಾನು ಬಹುವಾಗಿ ಮೆಚ್ಚಿದ್ದೇನೆ. ಆದರೂ ಈ ಸಂಗೀತಕ್ಕೆ ಹೊಸಬರಾದವರು ಮೊದಲು ಹಳೆಯ ತಟ್ಟೆಯನ್ನೇ ಕೇಳಲೆಂದು ನನ್ನ ಆಶೆ. ಆ ಮೂರು ವಾದ್ಯಗಳು ಅಷ್ಟು ಹತ್ತಿರ ನಿಂತು ಮಾತನಾಡಿದ್ದು ಅಲ್ಲಿಯೇ.