ಪಾಳಿಯೂ ಪದವಿಯೂ

‘ಶುಶ್ರೂಷೆ’ ಎಂಬ ಶಬ್ದದ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಗುರುವಿನ ಬಳಿಯಿದ್ದು ಆತನ ಮಾತಿಗೆ ಕಿವಿಗೊಡುವ ಶಿಷ್ಯನ ನಡೆಗೆ ಸಂದ ಈ ಹೆಸರು ಅನಂತರ ಸೇವೆಗೆ, ಕಡೆಗೆ ರೋಗಿಯ ಆರೈಕೆಗೆ ನಿಂತಿತು. ದಾದಿಯರ ವಿದ್ಯಾಭ್ಯಾಸದ ಚರಿತ್ರೆಯನ್ನು ನೋಡಿದರೆ, ನಾವು ಆ ಶಬ್ದದಲ್ಲಿ ಸೇವೆಯ ಅರ್ಧವನ್ನು ಇಟ್ಟುಕೊಂಡು ಕಲಿಕೆಯ ಅರ್ಧವನ್ನು ಬಹುಕಾಲ ಮರೆತಿದ್ದೆವೆಂದು ತೋರುತ್ತದೆ.

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿಂದ ಕೆಂಗೇರಿಯವರೆಗೆ ಇಂದು ಆಸ್ಪತ್ರೆಗಳೆಷ್ಟು, ನರ್ಸಿಂಗ್ ಹೋಂಗಳೆಷ್ಟು! ಅಲ್ಲೆಲ್ಲೋ ರಾತ್ರಿಪಾಳಿ ಮಾಡುವ, ಜಿ.ಎನ್.ಎಂ. ಡಿಪ್ಲೊಮಾ ಪಡೆದ ಸಿಸ್ಟರೊಬ್ಬರಿಗೆ ಎಂ.ಎಸ್ಸಿ. ಓದುವ ಮನಸ್ಸಾಯಿತೆನ್ನಿ. ಮೊದಲು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ. ಮನೆಯ ಬಾಡಿಗೆಯೂ ಮಕ್ಕಳ ಫೀಜೂ ನಾಲ್ಕು ವರ್ಷ ಕಾಯುವುದಿಲ್ಲ. ಅಮೆರಿಕದಲ್ಲಿ ಇಂಥವರಿಗಾಗಿ, ನಡುವಣ ಪದವಿಯನ್ನು ಬೇರೆಯಾಗಿ ಪಡೆಯದೆ ನೇರವಾಗಿ ಸ್ನಾತಕೋತ್ತರ ಪದವಿಗೆ ಸಾಗುವ ತ್ವರಿತ ಮಾರ್ಗಗಳಿವೆ. ಅವು ಏಕಾಏಕಿ ಹುಟ್ಟಿದವಲ್ಲ. 1899ರಷ್ಟು ಹಿಂದೆಯೇ ನ್ಯೂಯಾರ್ಕಿನ ಟೀಚರ್ಸ್ ಕಾಲೇಜು, ಆಗಲೇ ತರಬೇತಿ ಪಡೆದಿದ್ದ ದಾದಿಯರಿಗೆಂದು ಒಂದು ಶಿಕ್ಷಣಕ್ರಮವನ್ನು ತೆರೆದಿತ್ತು. ಅಲ್ಲಿಯೇ 1907ರಲ್ಲಿ ಮೇರಿ ಅಡಿಲೇಡ್ ನಟಿಂಗ್ ಪ್ರಾಧ್ಯಾಪಕಿಯಾದರು. ದಾದಿಯೊಬ್ಬರಿಗೆ ಅಂಥ ಪೀಠ ದೊರೆತದ್ದು ಅದೇ ಮೊದಲು.

ನಮ್ಮಲ್ಲಿ ಭೋರ್ ಸಮಿತಿಯ ವರದಿ ಹೊರಬಿದ್ದದ್ದು 1946ರಲ್ಲಿ. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿಯ ತರಗತಿಗಳು ಆರಂಭವಾದವು. 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ತರಗತಿಯೂ ಬಂದಿತು. ಸಂತೋಷವೇ. ಆದರೆ ಪದವಿಯ ತರಗತಿಗಳು ಹೊಸದಾಗಿ ವೃತ್ತಿಗೆ ಬರುವ ಹುಡುಗಿಯರಿಗಾಗಿ ಇದ್ದವು. ವಾರ್ಡಿನಲ್ಲಿಯೇ ಕೂದಲು ನರೆತವರು ಪದವಿ ಪಡೆಯಲು ಎರಡು ವರ್ಷದ ದಾರಿ ತೆರೆದದ್ದು 1963ರಲ್ಲಿ, ತಿರುವನಂತಪುರದಲ್ಲಿ. ಮಾಳಿಗೆ ಕಟ್ಟಿ ಮುಗಿಸಿ ಆಮೇಲೆ ಏಣಿ ಹುಡುಕಿದಂತಾಯಿತು.

ಇದಕ್ಕೂ ಏಳು ವರ್ಷ ಮೊದಲು ಬೆಂಗಳೂರಿನಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆದಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಸ್ವಾರಸ್ಯವಿರುವುದು ಇಲ್ಲಿ. ಭೋರ್ ಸಮಿತಿಯ ಸಲಹೆಯ ಫಲವಾಗಿ 1954ರಲ್ಲಿ, ಹೊಸೂರು ರಸ್ತೆಯ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ವೈದ್ಯರ ತರಗತಿಯ ಬೆನ್ನಲ್ಲೇ, 1956ರಲ್ಲಿ, ಅಲ್ಲಿ ದಾದಿಯರಿಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಆರಂಭವಾಯಿತು. ತರಬೇತಿ ಮುಗಿಸಿ ರಿಜಿಸ್ಟರ್ ಆದವರಿಗೆ ಒಂದೇ ವರ್ಷದ ಓದು. ನಾಡಿ ನೋಡಲು, ಇಂಜೆಕ್ಷನ್ ಕೊಡಲು, ಹಾಸಿಗೆ ಹಾಸಲು ಅವರಿಗೆ ಮತ್ತೆ ಕಲಿಸಬೇಕಾಗಿರಲಿಲ್ಲ. ಬಂದದ್ದನ್ನು ಬಂದದ್ದೆಂದು ಒಪ್ಪಿ, ಬಾರದ್ದನ್ನು ರೋಗಿಗಳ ನಡುವೆಯೇ ಕಲಿಸುವುದು ಅದರ ಕ್ರಮ. ಚಿತ್ತಭ್ರಮೆಯವರನ್ನು ಕೂಡಿಹಾಕಿ ಬೀಗ ಕಾಯುವುದೇ ಆರೈಕೆಯೆನ್ನಿಸಿಕೊಂಡಿದ್ದ ಕಾಲ ಅದಾಗ ತಾನೇ ಹಿಂದೆ ಸರಿಯುತ್ತಿತ್ತು. ಹೊಸ ಔಷಧಿಗಳು ಬರುತ್ತಿದ್ದವು. ರೋಗಿಯ ಮಾತನ್ನು ಕೇಳಿ, ಅದರಲ್ಲಿ ರೋಗದ ಗುರುತನ್ನು ಹಿಡಿಯಬಲ್ಲ ದಾದಿ ಬೇಕಾಗಿದ್ದಳು. ಕನ್ನಡದ ಮೇಷ್ಟರಿಗೆ ಇಲ್ಲಿ ಒಂದು ಮಾತು ಹೇಳುವ ಆಸೆ: ಹೊಟ್ಟೆನೋವನ್ನು ಕೈಯಿಂದ ಮುಟ್ಟಿ ತೋರಿಸಬಹುದು, ಮನಸ್ಸಿನ ನೋವಿಗೆ ನುಡಿಯೇ ಬೇಕು. ಹಳ್ಳಿಯ ರೋಗಿಯ ಕನ್ನಡ ತಿಳಿಯದ ದಾದಿಗೆ, ಎಷ್ಟು ಪುಸ್ತಕ ಓದಿದ್ದರೂ, ಈ ವಿದ್ಯೆ ಅರ್ಧದಷ್ಟೇ. ಶುಶ್ರೂಷೆಯ ಹಳೆಯ ಅರ್ಥ ಆ ವಾರ್ಡಿನಲ್ಲಿ ಮರಳಿ ಬಂದಿತೆನ್ನಬೇಕು.

ಕೆಲಸ ಬಿಡದೆ ಪದವಿ ಪಡೆಯುವ ಮಾರ್ಗ 1994ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಿಂದ ಬಂದಿತು: ಪಾಠ ಮನೆಯಲ್ಲಿ, ಪ್ರಾಯೋಗಿಕ ಶಿಕ್ಷಣ ಗೊತ್ತಾದ ಕೇಂದ್ರದಲ್ಲಿ, ಎರಡರ ಬದಲು ಮೂರು ವರ್ಷ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳು ಅದರ ಅಡಿಗೆ ಬಂದವು. ಕಾಲೇಜುಗಳ ಸಂಖ್ಯೆ ಬೆಳೆದದ್ದೇನೋ ನಿಜ. ಪಾಳಿಯೊಡನೆ ತರಗತಿ ಹೊಂದುವ ಬಗೆಯನ್ನು ಯೋಚಿಸಿದವರು ಕಡಮೆ. ಬೇಗ ಮುಗಿಯುವ ಓದೆಂದರೆ ಹುಬ್ಬೇರಿಸುವವರಿದ್ದಾರೆ. ಅವರ ಅನುಮಾನ ನಿರಾಧಾರವಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಕುಳಿತು ಪದವಿ ಪಡೆದವರ ಕೈಗೆ ರೋಗಿಯನ್ನು ಒಪ್ಪಿಸುವುದು ಯಾರಿಗೂ ಬೇಡ. ಆದರೆ ಹತ್ತು ವರ್ಷ ರೋಗಿಯ ಬಳಿ ನಿಂತವರನ್ನು ಮೊದಲ ಪಾಠದಿಂದ ಕೂರಿಸುವುದು ಅದಕ್ಕೆ ಮದ್ದಲ್ಲ.

ಆಸ್ಪತ್ರೆಯನ್ನೇ ಪಾಠಶಾಲೆಯಾಗಿಸುವ ಕ್ರಮ 2016ರಲ್ಲಿ ಸ್ನಾತಕೋತ್ತರ ಮಟ್ಟಕ್ಕೂ ಏರಿತು. ತೀವ್ರನಿಗಾ ಘಟಕಕ್ಕೆಂದು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ‘ನರ್ಸ್ ಪ್ರಾಕ್ಟೀಷನರ್’ ಶಿಕ್ಷಣದಲ್ಲಿ ಎರಡು ವರ್ಷದ ಬಹುಪಾಲು ರೋಗಿಗಳ ಬಳಿಯಲ್ಲೇ ಕಳೆಯುತ್ತದೆ. ದುಡಿಮೆಯೇ ಓದು. ಆದರೆ ಅದಕ್ಕೆ ಸೇರಲು ಬಿ.ಎಸ್ಸಿ. ಬೇಕು. ರಾಜಾಜಿನಗರದ ನಮ್ಮ ಸಿಸ್ಟರು ಅದೇ ಘಟಕದಲ್ಲಿ ಎಷ್ಟು ವರ್ಷ ದುಡಿದಿದ್ದರೂ, ಆ ಎರಡು ವರ್ಷದ ಪೋಸ್ಟ್ ಬೇಸಿಕ್ ಮುಗಿಸಿಕೊಂಡೇ ಅರ್ಜಿ ಹಾಕಬೇಕು.