ಪಿಗ್ಮಿ ಏಜೆಂಟನಿಂದ ಎ.ಐ. ಏಜೆಂಟನವರೆಗೆ

ಕನ್ನಡ ನಾಡಿನಿಂದ ದೂರವಿದ್ದು ಪುಣೆಯಲ್ಲಿ ನೆಲೆಸಿದ ನಮಗೆ ರಾಜ್ಯೋತ್ಸವವೆಂದರೆ ಅರಸರ, ಕವಿಗಳ, ಏಕೀಕರಣಕ್ಕಾಗಿ ದುಡಿದ ಹಿರಿಯರ ನೆನಪು. ಅದು ಯೋಗ್ಯವೇ ಸರಿ. ಆದರೆ ನಮ್ಮಲ್ಲಿ ಹಲವರನ್ನು ಈ ಊರಿಗೆ ಕರೆತಂದುದು ಬ್ಯಾಂಕು, ಕಾರಖಾನೆ, ಕಚೇರಿಗಳ ಲೆಕ್ಕಣಿಕೆಯ ಕೆಲಸ. ಆ ಕೆಲಸಕ್ಕೂ ಒಂದು ಇತಿಹಾಸವುಂಟು. ಕೋಥರೂಡದ ಮನೆಗಳಿಂದ ಹಿಂಜವಡಿಯ ಕಂಪನಿಗಳಿಗೆ ಹೋಗಿಬರುವ ನಮ್ಮ ಮಕ್ಕಳು ಈಗ ಊಟಕ್ಕೆ ಕುಳಿತಾಗ ಎ.ಐ. ಏಜೆಂಟಿನ ಮಾತೆತ್ತುತ್ತಾರೆ. ಕಚೇರಿಯ ಹಳೆಯ ಸಾಫ್ಟ್‌ವೇರಿನೊಳಗೆ ಈ ಹೊಸ ಕೆಲಸಗಾರ ಬಂದು ಸೇರಿದರೆ ತಮ್ಮ ಗತಿಯೇನೆಂದು ಚಿಂತಿಸುತ್ತಾರೆ. ಇದಕ್ಕೆ ಉತ್ತರವನ್ನು ನಾವು ಮೊದಲು ನಮ್ಮ ಹಿಂದಿನ ಅನುಭವದಲ್ಲಿ ಹುಡುಕುವುದು ಲೇಸು.

'ಏಜೆಂಟ' ಎಂಬ ಮಾತು ಕನ್ನಡಿಗರ ಮನೆಗೆ ಹೊಸದಲ್ಲ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ. ಎಂ. ಎ. ಪೈ ಈ ಮೂವರು ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಆ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಬಾಗಿಲಿಗೂ ಏಜೆಂಟ ಬಂದು ಹಣ ಪಡೆದು ಬರೆದುಕೊಂಡು ಹೋಗುತ್ತಿದ್ದ. ಹಣ ಪಡೆಯುವ ಅಧಿಕಾರ ಅವನದು. ಖಾತೆಯಿಂದ ಹಣ ಕೊಡುವ ಅಧಿಕಾರ ಶಾಖೆಯದು. ಇಷ್ಟು ಸರಳವಾದ ಎಲ್ಲೆಯೊಳಗೆ ಆ ಏರ್ಪಾಡು ದಶಕಗಳ ಕಾಲ ಜನರ ನಂಬಿಕೆಯನ್ನು ಉಳಿಸಿಕೊಂಡಿತು.

ಆಮೇಲೆ ಯಂತ್ರಗಳು ಬಂದವು. 1960ರ ದಶಕದಲ್ಲಿ ಕಲ್ಕತ್ತೆಯ ಜೀವವಿಮಾ ನೌಕರರು ಗಣಕಯಂತ್ರದ ವಿರುದ್ಧ ದೊಡ್ಡ ಚಳವಳಿಯನ್ನೇ ಹೂಡಿದರು. ಬ್ಯಾಂಕುಗಳಲ್ಲಿ ಮಾರ್ಗ ಬೇರೆಯಾಯಿತು. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಯಾಂತ್ರೀಕರಣದ ಬಗೆಗೆ ಒಪ್ಪಂದವಾಯಿತು, 1984ರಲ್ಲಿ ಡಾ. ರಂಗರಾಜನ್ ಸಮಿತಿಯ ವರದಿ ಬಂದಿತು. ಲೆಜ್ಜರು ತುಂಬುವ ಯಂತ್ರಗಳು ಶಾಖೆಗಳಿಗೆ ಕಾಲಿಟ್ಟವು. ಯಂತ್ರವನ್ನು ಎಲ್ಲಿ, ಎಷ್ಟರಮಟ್ಟಿಗೆ ತರಬೇಕೆಂಬುದು ಕೆಲಸ ಮಾಡುವವರೊಡನೆ ಮಾತನಾಡಿ ನಿರ್ಧಾರವಾಯಿತೆಂಬುದೇ ಇಲ್ಲಿ ನೆನೆಯಬೇಕಾದ ಸಂಗತಿ.

ಆ ಹೊತ್ತಿಗೆ ನಮ್ಮ ಪುಣೆಯಲ್ಲಿ ಇನ್ನೊಂದು ಬೀಜ ಮೊಳೆತಿತ್ತು. 1981ರಲ್ಲಿ ಕನ್ನಡಿಗರಾದ ಎನ್. ಆರ್. ನಾರಾಯಣಮೂರ್ತಿಯವರು ಆರು ಜನ ಸಂಗಡಿಗರೊಡನೆ ಇನ್ಫೋಸಿಸ್ ಕಂಪನಿಯನ್ನು ಸ್ಥಾಪಿಸಿದುದು ಇದೇ ಊರಿನಲ್ಲಿ. ಅದಕ್ಕೆ ಮೊದಲ ಬಂಡವಾಳವಾದ ಹತ್ತು ಸಾವಿರ ರೂಪಾಯಿಯನ್ನು ಕೊಟ್ಟವರು ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು. 1983ರಲ್ಲಿ ಕಂಪನಿ ಬೆಂಗಳೂರಿಗೆ ಹೋಯಿತು. ಮುಂದೆ ಅದು ರೂಪಿಸಿದ 'ಫಿನಾಕಲ್' ಎಂಬ ಬ್ಯಾಂಕಿಂಗ್ ಸಾಫ್ಟ್‌ವೇರು ದೇಶ ವಿದೇಶಗಳ ಬ್ಯಾಂಕುಗಳ ಕಿರ್ದಿ ಖಾತೆಗಳನ್ನು ಹೊತ್ತಿತು. ಇಂದು ಏಜೆಂಟನ್ನು ಜೋಡಿಸಬೇಕಾಗಿರುವುದು ಇಂತಹ ಹಲವು ವರ್ಷಗಳ ಕಟ್ಟಡಗಳಿಗೇ.

ಹಳೆಯದಕ್ಕೆ ಹೊಸದನ್ನು ಕೂಡಿಸುವ ಪಾಠವನ್ನು ಕಲಿಯಲು ನಮಗೆ 'ಭೂಮಿ' ಯೋಜನೆಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ಮುಂಬಯಿ ಕರ್ನಾಟಕದ ಕುಲಕರ್ಣಿ, ಹಳೆಯ ಮೈಸೂರಿನ ಶಾನುಭೋಗ ಇಟ್ಟುಕೊಂಡಿದ್ದ ದಫ್ತರ 1950 ಮತ್ತು 1961ರ ಕಾನೂನುಗಳ ತರುವಾಯ ಗ್ರಾಮ ಲೆಕ್ಕಿಗರ ಕೈಗೆ ಬಂದಿತ್ತು. ಕರ್ನಾಟಕ ಸರಕಾರ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲೂಕಿನ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲ ಸರದಿಯೆಂಬ ನಿಯಮವಿತ್ತು. ಗಣಕವನ್ನು ತೆರೆಯಲು ಅಧಿಕಾರಿಯ ಬೆರಳಚ್ಚು ಬೇಕಿತ್ತು. ಆದೇಶ ಕೊಡುವವನು ಮನುಷ್ಯನೇ. ತಿದ್ದಿದವರಾರು ಎಂಬುದು ಮಾತ್ರ ಅಳಿಯದಂತೆ ದಾಖಲೆಯಾಗುತ್ತಿತ್ತು.

ಈಗಿನ ಎ.ಐ. ಏಜೆಂಟಿಗೆ ಬರೋಣ. ಹಿಂದಿನ ಗಣಕಕ್ಕೆ ಒಂದೊಂದು ಹೆಜ್ಜೆಯನ್ನೂ ಮೊದಲೇ ಬರೆದಿಡಬೇಕಾಗಿತ್ತು. ಏಜೆಂಟಾದರೋ ಭಾಷೆಯನ್ನು ಓದಿ, ಮುಂದಿನ ಹೆಜ್ಜೆ ಯಾವುದೆಂದು ತಾನೇ ಆರಿಸಿಕೊಳ್ಳುತ್ತದೆ. ಒಂದು ಕಾರಖಾನೆಯ ಮಾತನ್ನೇ ತೆಗೆದುಕೊಳ್ಳಿರಿ. ಸರಕು ಪೂರೈಸಿದವನ ಬಿಲ್ಲು ಈಮೇಲಿನಲ್ಲಿ ಬರುತ್ತದೆ. ಏಜೆಂಟು ಅದನ್ನು ಓದಿ, ಖರೀದಿಯ ಆದೇಶವನ್ನೂ ಉಗ್ರಾಣದ ರಸೀದಿಯನ್ನೂ ಸಾಫ್ಟ್‌ವೇರಿನಲ್ಲಿ ಹುಡುಕಿ, ಮೂರನ್ನೂ ತಾಳೆ ನೋಡಿ, ವ್ಯತ್ಯಾಸವಿದ್ದರೆ ಪತ್ರ ಬರೆದು ಕೇಳುತ್ತದೆ. ಇಂತಹ ಜೋಡಣೆಗಾಗಿ 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಎಂಬ ಅಮೆರಿಕದ ಕಂಪನಿ ಎಲ್ಲರೂ ಬಳಸಬಹುದಾದ ಒಂದು ಸಾಮಾನ್ಯ ಕ್ರಮವನ್ನು ಪ್ರಕಟಿಸಿತು. ಬೇರೆ ಕಂಪನಿಗಳೂ ಅದನ್ನು ಅನುಸರಿಸಿದವು.

ಆದರೆ ಅಪಾಯವೂ ಇಲ್ಲಿಯೇ ಇದೆ. ಏಜೆಂಟು ಇಲ್ಲದುದನ್ನು ಇದ್ದಂತೆ ಹೇಳಬಲ್ಲದು. ಹೊರಗಿನಿಂದ ಬಂದ ಪತ್ರದಲ್ಲಿ ಯಾರಾದರೂ 'ಹಣವನ್ನು ಈ ಖಾತೆಗೆ ಕಳುಹಿಸು' ಎಂದು ಸೇರಿಸಿದ್ದರೆ ಅದನ್ನೇ ಯಜಮಾನನ ಆಜ್ಞೆಯೆಂದು ತಿಳಿಯಲೂಬಹುದು. ಆದುದರಿಂದ ಪಿಗ್ಮಿ ಏಜೆಂಟನಿಗೆ ಇದ್ದಂತೆ ಇದಕ್ಕೂ ಎಲ್ಲೆ ಬೇಕು. ಮೊದಲು ಓದುವ ಅಧಿಕಾರ, ಆಮೇಲೆ ಕರಡು ಬರೆಯುವ ಅಧಿಕಾರ. ಹಣ ಕೊಡುವ ಒಪ್ಪಿಗೆ ಮಾತ್ರ ಹೊಣೆ ಹೊರಬಲ್ಲ ಮನುಷ್ಯನದು. ಅದು ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಹೋಗದೆ ತನ್ನದೇ ಹೆಸರಿನಲ್ಲಿ ಹೋಗಬೇಕು. 'ಭೂಮಿ'ಯಲ್ಲಿದ್ದಂತೆ ಮಾಡಿದುದೆಲ್ಲವೂ ದಾಖಲೆಯಾಗಬೇಕು.

ಇಷ್ಟಾದರೂ ಒಂದು ಚಿಂತೆ ಉಳಿಯುತ್ತದೆ. ಬ್ಯಾಂಕಿಗೆ ಸೇರಿದ ಹೊಸ ಗುಮಾಸ್ತ ಲೆಜ್ಜರು ತುಂಬುತ್ತ, ದಿನದ ಕೊನೆಗೆ ತಾಳೆಯಾಗದ ಹತ್ತು ಪೈಸೆಯನ್ನು ಹುಡುಕುತ್ತ ಲೆಕ್ಕದ ಮರ್ಮವನ್ನು ಕಲಿಯುತ್ತಿದ್ದ. ಹಾಗೆ ಕಲಿತವನೇ ಮುಂದೆ ಮ್ಯಾನೇಜರನಾಗಿ ರುಜು ಹಾಕುತ್ತಿದ್ದ. ಏಜೆಂಟು ಮೊದಲು ಕೈಹಾಕುವುದು ಈ ಆರಂಭದ ಕೆಲಸಕ್ಕೇ. ಕೆಳಗಿನ ಮೆಟ್ಟಿಲನ್ನೇ ತೆಗೆದರೆ ಮೇಲೆ ಕುಳಿತು ಪರೀಕ್ಷಿಸುವವರು ಎಲ್ಲಿಂದ ಬರಬೇಕು? ಯಂತ್ರ ಮಾಡಿದುದನ್ನು ಕೈಯಿಂದಲೂ ಮಾಡಿ ನೋಡುವ ಅವಕಾಶವನ್ನು ಹೊಸಬರಿಗೆ ಕಲ್ಪಿಸುವುದು ಕಂಪನಿಗಳ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ನಮ್ಮ ತರುಣ ತರುಣಿಯರ ಹಕ್ಕು. 1983ರ ನೌಕರರು ಮೇಜಿನ ಎದುರು ಕುಳಿತು ಮಾತನಾಡಿದುದನ್ನು ಅವರು ಮರೆಯಬಾರದು.

ಏಜೆಂಟಿಗೆ ಹೆದರಿ ಬಾಗಿಲು ಹಾಕುವುದೂ ಬೇಡ, ಬೆರಗಾಗಿ ಖಜಾನೆಯ ಕೀಲಿಕೈಯನ್ನು ಒಪ್ಪಿಸುವುದೂ ಬೇಡ. ಮನೆ ಬಾಗಿಲಿಗೆ ಬಂದ ಏಜೆಂಟನನ್ನು ಆದರಿಸುತ್ತಲೇ ಪುಸ್ತಕದಲ್ಲಿ ಬರೆದ ಅಂಕಿಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದ ನಮ್ಮ ತಾಯಂದಿರ ಎಚ್ಚರ ನಮ್ಮ ಮಕ್ಕಳಲ್ಲಿಯೂ ಇರಲಿ ಎಂದು ಹಾರೈಸುತ್ತೇವೆ.