ರಸೀತಿಯಲ್ಲಿರುವ ಡಾಕ್ಟರು ಎಲ್ಲಿ?

ಪೋಸ್ಟು ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ನಿಮ್ಮ ಕೇರಿಯ ಕಾಲೇಜು ಮಕ್ಕಳಿಗೂ ಓದಿಸಿ.

ಮೊನ್ನೆ ಮಳವಳ್ಳಿ ಕಡೆಯ ಒಂದು ಹುಡುಗಿ ಫೋನ್ ಮಾಡಿದ್ಲು. ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಎ. ಓದ್ತಾ ಇದಾಳೆ. ಅವರ ಮನೆಯಲ್ಲಿ ಡಿಗ್ರಿ ದಾಟಿದ ಮೊದಲ ಜೀವ ಅದು. "ಅಣ್ಣ, ನಾಕು ದಿನದಿಂದ ಜ್ವರ. ಊರಿಗೋಗಿ ತೋರಿಸ್ಕೊ ಅಂತಾರೆ. ಊರಿಗೋದ್ರೆ ನಮ್ಮಪ್ಪ ತಿರುಗಾ ಕಳಿಸಲ್ಲ ಅಣ್ಣ, ಮದ್ವೆ ಮಾತು ಎತ್ತವ್ರೆ. ನಮ್ ಕಾಲೇಜಲ್ಲಿ ಡಾಕ್ಟ್ರು ಅಂತ ಯಾರಾದ್ರೂ ಇರ್ತಾರಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಟ್ರಂಕು ತೆಗೆದು ನನ್ನ ಬಿ.ಎ. ಕಾಲದ ಫೀಸು ರಸೀತಿ ಹುಡುಕಿದೆ. ಬೋಧನಾ ಶುಲ್ಕ, ಗ್ರಂಥಾಲಯ, ಕ್ರೀಡೆ, ಅದರ ಕೆಳಗೆ ಒಂದು ಸಾಲು: ವೈದ್ಯಕೀಯ ತಪಾಸಣೆ, ಹತ್ತು ರೂಪಾಯಿ. ಮೂರು ವರ್ಷ ಕಟ್ಟಿದೀನಿ. ಮೂರು ವರ್ಷದಲ್ಲಿ ಒಂದು ದಿನವೂ ಯಾರೂ ನನ್ನ ಎದೆ ಮೇಲೆ ಸ್ಟೆತಸ್ಕೋಪು ಇಟ್ಟಿಲ್ಲ.

ನಾನು ಆಫೀಸಿನಲ್ಲಿ ಗುಮಾಸ್ತನ ಕೆಲಸ ಮಾಡೋನು. ರಸೀತಿಯಲ್ಲಿ ಒಂದು ಸಾಲು ಸುಮ್ಮನೆ ಹುಟ್ಟಲ್ಲ ಅನ್ನೋದು ನನಗೆ ಗೊತ್ತು. ಆ ಸಾಲಿನ ಹಿಂದೆ ಒಂದು ಆದೇಶ ಇರುತ್ತೆ, ಆದೇಶದ ಹಿಂದೆ ಒಂದು ವರದಿ, ವರದಿಯ ಹಿಂದೆ ಯಾರದೋ ನೋವು. ಆ ಹತ್ತು ರೂಪಾಯಿಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಬರೀತಿದೀನಿ.

*ಕೈಯಿಂದ ಕೈಗೆ ದಾಟಿದ ಥರ್ಮಾಮೀಟರ್*

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಒಂದು ಪ್ರಸಂಗ ಕೊಡ್ತಾರೆ. 12 ಡಿಸೆಂಬರ್ 1929ರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದಿದ್ದ ಪತ್ರ ಅದು. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾಮೇಷ್ಟ್ರು ಬರೆದದ್ದು. ಹೆಂಡತಿಗೆ ಹೆರಿಗೆ ಆಗಿ ಕಾಯಿಲೆ ಬಿತ್ತು. ಡಾಕ್ಟರು ಕೇರಿಗೆ ಬರಲ್ಲ ಅಂದ. ಊರಿನ ದೊಡ್ಡ ಮನುಷ್ಯರು ಹೇಳಿ, ಫೀಸಿಗೆ ಜವಾಬ್ದಾರಿ ಹೊತ್ತ ಮೇಲೆ ಬಂದ, ಅದೂ ಬಾಣಂತಿಯನ್ನು ಕೇರಿಯಿಂದ ಆಚೆಗೆ ತರಿಸಿ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ಸೂ ಹಂಗೇ ಬಂತು. ನ್ಯುಮೋನಿಯಾ ಅಂತ ಹೇಳಿ ಡಾಕ್ಟರು ಹೋದ. ಔಷಧಿ ಕಳಿಸಿದ, ಮತ್ತೆ ನೋಡೋಕೆ ಬರಲಿಲ್ಲ. ಆ ತಾಯಿ ಸತ್ತಳು.

ಗಮನಿಸಿ, ಆ ಗಂಡ ಓದಿದವನು, ಮೇಷ್ಟ್ರು. ಓದು ಅವನಿಗೆ ನೌಕರಿ ಕೊಡ್ತು, ಆದ್ರೆ ನಾಡಿ ಹಿಡಿಯೋ ಕೈಯನ್ನ ತಂದುಕೊಡಲಿಲ್ಲ. ನಮ್ಮ ಮಕ್ಕಳ ಆರೋಗ್ಯದ ಚರಿತ್ರೆಯನ್ನ ಇಲ್ಲಿಂದಲೇ ಶುರು ಮಾಡಬೇಕು.

*ತಪಾಸಣೆ ಅನ್ನೋದು ಎಲ್ಲಿಂದ ಬಂತು*

ಇಂಗ್ಲೆಂಡಿನಲ್ಲಿ ಬೋಯರ್ ಯುದ್ಧಕ್ಕೆ ಸೈನಿಕರನ್ನು ಸೇರಿಸಿಕೊಳ್ಳೋವಾಗ ಬಡವರ ಮಕ್ಕಳು ಬಹಳ ಜನ ಅನರ್ಹರಾದ್ರು. ಆಳೋರಿಗೆ ಭಯ ಆಯ್ತು. 1907ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಗೆ ಕಾನೂನು ಬಂತು. ನಮ್ಮ ದೇಶದಲ್ಲಿ 1909ರಲ್ಲಿ ಬರೋಡಾದಲ್ಲಿ ಶುರುವಾಯ್ತು. ಹೌದು, ಅಂಬೇಡ್ಕರರಿಗೆ ವಿದ್ಯಾರ್ಥಿವೇತನ ಕೊಟ್ಟು 1913ರಲ್ಲಿ ಅಮೆರಿಕಾಕ್ಕೆ ಕಳಿಸಿದ ಸಯಾಜಿರಾವ್ ಮಹಾರಾಜರ ಬರೋಡಾನೇ.

ನಮ್ಮ ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ವಿಶ್ವವಿದ್ಯಾಲಯ ಆಯ್ತು. 1924ರಲ್ಲಿ ಬೆಂಗಳೂರಲ್ಲಿ ಶುರುವಾದ ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಅದೇ ಕಾಲಕ್ಕೆ ಕನ್ನಂಬಾಡಿ ನೀರು ನಾಲೆಯಲ್ಲಿ ಮಂಡ್ಯ, ಮದ್ದೂರು ಕಡೆಗೆ ಹರಿಯಿತು. ಕಬ್ಬು ಬಂತು, ಭತ್ತ ಬಂತು, ಸಕ್ಕರೆ ಕಾರ್ಖಾನೆ ಬಂತು. ಜೊತೆಗೆ ಮಲೇರಿಯಾನೂ ಬಂತು. ನಾಲೆಯ ಕತೆ ಹೇಳೋರು ಮಂಡ್ಯ ಹಸಿರಾಯ್ತು ಅಂತ ಹೇಳ್ತಾರೆ, ನಿಜ. ಆ ಗದ್ದೆಯ ಕೆಸರಲ್ಲಿ ನಿಂತು ನಾಟಿ ಹಾಕಿದೋರು ಯಾರು, ಚಳಿಜ್ವರದಲ್ಲಿ ನಡುಗಿದೋರು ಯಾರು ಅಂತ ನಿಮ್ಮ ತಾತ ಅಜ್ಜಿಯನ್ನ ಕೇಳಿ. ನಮ್ಮಜ್ಜಿ ಅದನ್ನ ನಡುಕದ ಜ್ವರ ಅಂತಿತ್ತು.

*1949ರಲ್ಲೇ ಬರೆದಿಟ್ಟ ಮಾತು*

ವೈಸರಾಯ್ ಕೌನ್ಸಿಲಿನಲ್ಲಿ ಬಾಬಾಸಾಹೇಬರು ಇದ್ದಾಗ, 1944ರಿಂದ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ಇವತ್ತು ನಮ್ಮ ಮಕ್ಕಳು ಪೋರ್ಟಲ್ ಮುಂದೆ ಕಾಯ್ತಾ ಕೂರೋ ದುಡ್ಡಿನ ಬೇರು ಅದೇ. ಕಾಲೇಜಿನ ಬಾಗಿಲು ಒಂದಷ್ಟು ತೆರೆಯಿತು.

ಬಾಗಿಲು ದಾಟಿ ಒಳಗೆ ಬಂದ ಹುಡುಗನ ಮೈ ನೋಡಿಕೊಳ್ಳೋರು ಯಾರು? ಇದಕ್ಕೂ ಉತ್ತರ ಬರೆದಿಟ್ಟಿದ್ರು. ಸ್ವಾತಂತ್ರ್ಯ ಬಂದ ಕೂಡಲೇ ರಾಧಾಕೃಷ್ಣನ್ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಕೂತಿತ್ತು. 1949ರ ಅದರ ವರದಿಯಲ್ಲಿ ಸ್ಪಷ್ಟವಾಗಿದೆ: ಕಾಲೇಜಿಗೆ ಸೇರುವಾಗ ಪ್ರತಿ ವಿದ್ಯಾರ್ಥಿಗೂ ವೈದ್ಯಕೀಯ ತಪಾಸಣೆ ಆಗಬೇಕು, ಆಮೇಲೆ ವರ್ಷಕ್ಕೊಂದು ಸಲ ಆದ್ರೂ ಆಗಬೇಕು, ವಿಶ್ವವಿದ್ಯಾಲಯಗಳು ಆಸ್ಪತ್ರೆ ಅಥವಾ ಆರೋಗ್ಯ ಸೇವೆಯ ವ್ಯವಸ್ಥೆ ಮಾಡಬೇಕು, ಹಾಸ್ಟೆಲು ಮತ್ತು ಅಡಿಗೆಮನೆಯ ನೈರ್ಮಲ್ಯವನ್ನೂ ನೋಡಬೇಕು. ಶಾಲಾ ಮಕ್ಕಳ ಆರೋಗ್ಯಕ್ಕೆ ಅಂತ 1960ರಲ್ಲಿ ರೇಣುಕಾ ರೇ ಸಮಿತಿ ಬೇರೆ ಬಂತು. ವರದಿಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ.

ಆದ್ರೆ ಆಗಿದ್ದೇನು? ಕ್ಯಾಂಪಸ್ಸು ಇರೋ ಕಡೆ ಕ್ಲಿನಿಕ್ಕು ಬಂತು. ಕುವೆಂಪು ಕುಲಪತಿ ಆಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಯಲ್ಲಿ ಆರೋಗ್ಯ ಕೇಂದ್ರ ಇದೆ. ಅದು ಒಳ್ಳೇದೇ. ಆದ್ರೆ ಮೈಸೂರು ವಿ.ವಿ. ಅಂದ್ರೆ ಗಂಗೋತ್ರಿ ಮಾತ್ರ ಅಲ್ಲ. ಮದ್ದೂರು, ಮಳವಳ್ಳಿಯಂಥ ಊರಲ್ಲಿ ಸಂಯೋಜಿತ ಕಾಲೇಜುಗಳಲ್ಲಿ ಓದಿದೋರೂ ಅದೇ ವಿ.ವಿ.ಯ ಪರೀಕ್ಷೆ ಬರೆದೋರು, ಅದೇ ವಿ.ವಿ.ಯ ಸರ್ಟಿಫಿಕೇಟು ಪಡೆದೋರು. ಪರೀಕ್ಷಾ ಶುಲ್ಕ ಮೈಸೂರಿಗೆ ಹೋಗ್ತಿತ್ತು, ಮೈಸೂರಿನ ಡಾಕ್ಟರು ಇಲ್ಲಿಗೆ ಬರ್ತಿರಲಿಲ್ಲ. ನಮ್ಮ ಕೇರಿ ಮಕ್ಕಳು ಹೆಚ್ಚಾಗಿ ಓದೋದು ಎಲ್ಲಿ? ಬಸ್ ಪಾಸು ಇಟ್ಕೊಂಡು ಹೋಗಿ ಬರೋ ತಾಲೂಕು ಕಾಲೇಜಿನಲ್ಲಿ. ಯಾರೂ ಇಲ್ಲಿ ಥರ್ಮಾಮೀಟರ್ ಬಿಸಾಕಲಿಲ್ಲ, ವ್ಯವಸ್ಥೆಯೇ ದೂರ ನಿಂತ್ಕೊಂತು ಅಷ್ಟೆ.

*ನನ್ನ ರೂಮಿನ ಗೆಳೆಯ*

ಹೆಸರು ಬೇಡ. ನಾವಿಬ್ರೂ ಒಂದೇ ಹಾಸ್ಟೆಲು, ಒಂದೇ ರೂಮು. ಎರಡನೇ ವರ್ಷದಲ್ಲಿ ಅವನಿಗೆ ಕೆಮ್ಮು ಶುರುವಾಯ್ತು. ರಾತ್ರಿ ಕೆಮ್ಮು ಬಂದ್ರೆ ದಿಂಬಿಗೆ ಬಾಯಿ ಒತ್ಕೊಂಡು ಕೆಮ್ಮೋನು. ಯಾಕ್ಲಾ ಹಂಗೆ ಅಂದ್ರೆ, "ಗೊತ್ತಾದ್ರೆ ಆಚೆ ಕಳಿಸ್ತಾರೆ, ಸುಮ್ಕಿರ್ಲಾ" ಅನ್ನೋನು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನ ಕೊರೆಯುತ್ತೆ. ಕಫದಲ್ಲಿ ರಕ್ತ ಬಂದ ಮೇಲೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ವಿ. ಕ್ಷಯ ಅಂದ್ರು. ಔಷಧಿ ಪುಕ್ಕಟೆನೇ ಸಿಕ್ತು, ವಾಸಿನೂ ಆಯ್ತು. ಆದ್ರೆ ಹಾಜರಾತಿ ಹೋಯ್ತು, ಹಾಸ್ಟೆಲ್ ಸೀಟು ಹೋಯ್ತು, ಓದು ಅಲ್ಲಿಗೇ ನಿಂತ್ತು. ತರಗತಿಗೆ ಫಸ್ಟು ಬರ್ತಿದ್ದ ಹುಡುಗ ಇವತ್ತು ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ದುಡೀತಾನೆ. ವರ್ಷಕ್ಕೊಂದು ಸಲ ಒಬ್ಬ ಡಾಕ್ಟರು ನಮ್ಮ ಎದೆ ನೋಡಿದ್ದಿದ್ರೆ ನನಗಿಂತ ದೊಡ್ಡ ಕೆಲಸದಲ್ಲಿ ಇರ್ತಿದ್ದ ಅವನು.

ಅವನು ಕಾಯಿಲೆಯಿಂದ ಸೋಲಲಿಲ್ಲ, ಕಾಯಿಲೆ ಮುಚ್ಚಿಡಬೇಕಾಗಿ ಬಂದಿದ್ದರಿಂದ ಸೋತ.

*ಹದಿನೆಂಟು ದಾಟಿದ ಮೇಲೆ*

ಈಗ ಕಾಲ ಬದಲಾಗಿದೆ ಅಂತೀರಾ? ಸ್ವಲ್ಪ ಬದಲಾಗಿದೆ, ಇಲ್ಲ ಅನ್ನಲ್ಲ. 2006ರಲ್ಲಿ ಮಂಡ್ಯಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು, ಮಿಮ್ಸ್, ಬಂತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನ ನೋಡುತ್ತೆ. ಆದ್ರೆ ಅದು 18 ವರ್ಷದವರೆಗೆ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡೋ ಕಾರ್ಯಕ್ರಮ 19ಕ್ಕೆ ಮುಗಿಯುತ್ತೆ. ಅಂದ್ರೆ ನಮ್ಮ ಹುಡುಗಿ ಡಿಗ್ರಿಗೆ ಕಾಲಿಟ್ಟ ಸುಮಾರಿಗೆ ಸರ್ಕಾರದ ಲೆಕ್ಕದಲ್ಲಿ ಅವಳ ಮೈ ಯಾರ ಜವಾಬ್ದಾರಿಯೂ ಅಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆಯಲ್ಲ ಅನ್ನಬಹುದು. 2018ರಿಂದ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದ್ರೆ ಅದು ದೊಡ್ಡ ಕಾಯಿಲೆಗೆ ಆಗಿಬರೋದು. ತುರ್ತು ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದ ರೆಫರಲ್ ಬೇಕು. ರೇಷನ್ ಕಾರ್ಡು ಊರಲ್ಲಿ ಅವ್ವನ ಸೀರೆ ಮಡಿಕೆಯಲ್ಲಿ ಇರುತ್ತೆ, ಜ್ವರ ಹಾಸ್ಟೆಲಿನಲ್ಲಿ ಇರುತ್ತೆ.

ಆಸ್ಪತ್ರೆ ಇಲ್ಲ ಅನ್ನೋದಲ್ಲ ಸಮಸ್ಯೆ. ಆಸ್ಪತ್ರೆ ಊರಲ್ಲೇ ಇದೆ. ಅಲ್ಲಿಗೆ ಹೋಗೋ ದಾರಿ ಇಲ್ಲ. ಹೊರರೋಗಿ ಚೀಟಿ ಬೆಳಿಗ್ಗೆ, ಕ್ಲಾಸೂ ಬೆಳಿಗ್ಗೆ. ಹೋದ್ರೆ ಹಾಜರಾತಿ ಕಟ್. ಜೊತೆಗೆ ಬರೋರಿಲ್ಲ, ಆಟೋಗೆ ಕಾಸಿಲ್ಲ, ಹುಡುಗಿಯಾದ್ರೆ ಯಾಕೆ ಹೋಗಿದ್ದೆ ಅನ್ನೋ ಪ್ರಶ್ನೆ ಬೇರೆ.

ಇನ್ನು ಮನಸ್ಸಿನ ಕಾಯಿಲೆ. 2006ರಲ್ಲಿ ರಚನೆಯಾದ ಥೋರಟ್ ಸಮಿತಿ ದೆಹಲಿಯ ಏಮ್ಸ್‌ನಲ್ಲಿ ನಮ್ಮ ಮಕ್ಕಳನ್ನ ಹೆಂಗೆ ನೋಡ್ಕೊತಾರೆ ಅಂತ ಬಯಲು ಮಾಡ್ತು. ಅದು ದೇಶದ ಅತಿ ದೊಡ್ಡ ಡಾಕ್ಟರುಗಳನ್ನ ತಯಾರು ಮಾಡೋ ಜಾಗ! 2016ರ ಜನವರಿ 17ರಂದು ರೋಹಿತ್ ವೇಮುಲನನ್ನ ಕಳ್ಕೊಂಡ್ವಿ. ಅವಮಾನವೂ ಕಾಯಿಲೆ ತರುತ್ತೆ ಗೆಳೆಯರೇ. ಅದಕ್ಕೆ ಮಾತ್ರೆ ಒಂದೇ ಸಾಲದು, ಅವಮಾನ ನಿಲ್ಲಬೇಕು. ಅಲ್ಲಿವರೆಗೆ ಮನಸ್ಸು ಕುಸಿದಾಗ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಮಂಡ್ಯದ ಹಳೇ ಸರ್ಕಾರಿ ಕಾಲೇಜನ್ನೇ ವಿಶ್ವವಿದ್ಯಾಲಯ ಮಾಡಿದಾಗ ನನಗೆ ಖುಷಿ ಆಗಿತ್ತು, ಇನ್ನು ನಮ್ಮೂರಿಗೂ ಕ್ಯಾಂಪಸ್ಸಿನ ಸವಲತ್ತು ಬರುತ್ತೆ ಅಂತ. 2025ರಲ್ಲಿ ಸಂಪುಟ ಉಪಸಮಿತಿ ಹೊಸ ವಿ.ವಿ.ಗಳನ್ನ ಮುಚ್ಚೋ ಮಾತಾಡ್ತು, ಅದರಲ್ಲಿ ಮಂಡ್ಯದ ಹೆಸರೂ ಇತ್ತು. ವಿ.ವಿ.ಯ ಉಸಿರೇ ಮೇಲಕ್ಕೂ ಕೆಳಕ್ಕೂ ಆಡ್ತಿರೋವಾಗ ಆರೋಗ್ಯ ಕೇಂದ್ರ ಕೇಳೋದು ಯಾರನ್ನ?

*ಕೇಳಿದೋರು ಗೆದ್ದಿದಾರೆ*

ಕಲ್ಕತ್ತಾದಲ್ಲಿ 1952ರಲ್ಲಿ ವಿದ್ಯಾರ್ಥಿಗಳೂ ಎಳೆಯ ಡಾಕ್ಟರುಗಳೂ ಸೇರಿ ಸ್ಟೂಡೆಂಟ್ಸ್ ಹೆಲ್ತ್ ಹೋಮ್ ಅಂತ ಕಟ್ಟಿದ್ರು. ವಿದ್ಯಾರ್ಥಿಗಳು ವರ್ಷಕ್ಕೆ ಚಿಕ್ಕ ಚಂದಾ ಕೊಡೋದು, ಕಾಯಿಲೆ ಬಂದಾಗ ಅಲ್ಲೇ ಚಿಕಿತ್ಸೆ ಪಡೆಯೋದು. ಮೌಲಾಲಿಯಲ್ಲಿ ಸ್ವಂತ ಕಟ್ಟಡವೇ ಇದೆ. ನಾವೂ ಚಿಕ್ಕ ಚಂದಾ ಕೊಟ್ಟಿದೀವಿ ಸ್ವಾಮಿ, ಅದಕ್ಕೆ ರಸೀತಿನೂ ಇದೆ. ಡಾಕ್ಟರು ಮಾತ್ರ ಬರಲಿಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು:

1. ಪ್ರತಿ ಪದವಿ ಕಾಲೇಜಿಗೂ ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದ ವಾರಕ್ಕೊಂದು ದಿನ ಡಾಕ್ಟರು ಬರಬೇಕು. ಮಂಡ್ಯದಲ್ಲಿ ಮಿಮ್ಸ್ ಇದೆ, ಮದ್ದೂರು, ಮಳವಳ್ಳಿಯಲ್ಲಿ ತಾಲೂಕು ಆಸ್ಪತ್ರೆ ಇದೆ.
2. ಕಾಲೇಜಿಗೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ತಪಾಸಣೆ. ರಕ್ತಹೀನತೆ, ಕಣ್ಣು, ಕ್ಷಯ ನೋಡಲೇಬೇಕು.
3. ಆಸ್ಪತ್ರೆ ಚೀಟಿ ತೋರಿಸಿದ್ರೆ ಹಾಜರಾತಿ ಕಟ್ ಮಾಡಬಾರದು, ಕಾಯಿಲೆ ಕಾರಣಕ್ಕೆ ಹಾಸ್ಟೆಲ್ ಸೀಟು ಕಸಿಯಬಾರದು.
4. ಹಾಸ್ಟೆಲಿನಲ್ಲಿ ಕಾಯಿಲೆ ಬಿದ್ದೋರನ್ನ ಊರಿಗೆ ಕಳಿಸೋದಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗೋದು ವಾರ್ಡನ್ ಕರ್ತವ್ಯ ಅಂತ ಬರವಣಿಗೆಯಲ್ಲಿ ಬರಬೇಕು.

ಶುರು ಮಾಡೋದು ಹೆಂಗೆ? ಗುಮಾಸ್ತನಾಗಿ ಹೇಳ್ತೀನಿ ಕೇಳಿ. ನಿಮ್ಮ ಕಾಲೇಜಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕಳೆದ ಐದು ವರ್ಷದಲ್ಲಿ ವೈದ್ಯಕೀಯ ತಪಾಸಣೆ ಹೆಸರಲ್ಲಿ ವಿದ್ಯಾರ್ಥಿಗಳಿಂದ ಎಷ್ಟು ವಸೂಲಿಯಾಗಿದೆ, ಯಾವುದಕ್ಕೆ ಖರ್ಚಾಗಿದೆ, ಯಾವ ದಿನ ತಪಾಸಣೆ ನಡೆದಿದೆ ಅಂತ ಕೇಳಿ. ಒಂದೇ ವಿಷಯ ಇರಲಿ, 150 ಪದ ದಾಟಬೇಡಿ, ಇಲ್ಲಾಂದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿದ್ರೆ ಶುಲ್ಕ ಇಲ್ಲ, ಇಲ್ಲದಿದ್ರೆ ಹತ್ತು ರೂಪಾಯಿ.

ಅದೇ ಹತ್ತು ರೂಪಾಯಿ. ಆವಾಗ ಸುಮ್ಮನೆ ಕಟ್ಟಿದ್ವಿ, ಈಗ ಪ್ರಶ್ನೆ ಸಮೇತ ಕಟ್ಟೋಣ.

ಆ ಹುಡುಗಿ ವಿಷಯ ಹೇಳಲಿಲ್ಲ ಅಲ್ವಾ. ಮಾರನೇ ದಿನ ಅರ್ಧ ದಿನ ರಜೆ ಹಾಕಿ, ನಮ್ಮ ಮನೆಯವರನ್ನೂ ಜೊತೆಗೆ ಕರ್ಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದ್ವಿ. ಟೈಫಾಯ್ಡ್. ಐದು ದಿನ ನಮ್ಮನೇಲೇ ಇದ್ಲು, ಗಂಜಿ ಕುಡಿದ್ಲು, ನೋಟ್ಸ್ ಓದಿದ್ಲು. ಈಗ ವಾಪಸ್ ಕ್ಲಾಸಿಗೆ ಹೋಗ್ತಿದಾಳೆ. ಆದ್ರೆ ಎಷ್ಟು ಮಕ್ಕಳ ಹತ್ರ ಯಾರದೋ ಒಬ್ಬ ಅಣ್ಣನ ನಂಬರು ಇರುತ್ತೆ? ಹಕ್ಕು ಅನ್ನೋದು ಅಣ್ಣನ ನಂಬರಿನ ಮೇಲೆ ನಿಲ್ಲಬಾರದು.

ಮೊದಲ ಅರ್ಜಿ ಅವಳೇ ಬರೀತಾಳಂತೆ. ನಿಮ್ಮ ಹಳೇ ರಸೀತಿ ಇದ್ರೆ ಹುಡುಕಿ ಇಡಿ.

ಜೈಭೀಮ್.